ಉಬ್ಬರದ ಹೊತ್ತು: ನೆರೂಳದ ಜೌಗಿನಲ್ಲಿ ಚಳಿಗಾಲದ ಹಕ್ಕಿಗಳು

ನವಿ ಮುಂಬಯಿಯ ನೆರೂಳದ ಪಶ್ಚಿಮ ಅಂಚಿನಲ್ಲಿ, ಪಾಮ್ ಬೀಚ್ ರಸ್ತೆಗೂ ಠಾಣೆ ಖಾಡಿಗೂ ನಡುವಿನ ಕಿರಿದಾದ ಪಟ್ಟಿಯಲ್ಲಿ, ಹಕ್ಕಿ ನೋಡುವವರು ಮೂರು ಹೆಸರುಗಳಿಂದ ಗುರುತಿಸುವ ಜೌಗುಗಳಿವೆ. ಟಿ.ಎಸ್. ಚಾಣಕ್ಯ, ಎನ್‌ಆರ್‌ಐ ಮತ್ತು ಡಿಪಿಎಸ್ ಕೆರೆ. ಮೊದಲನೆಯದಕ್ಕೆ ಹೆಸರು ಕೊಟ್ಟದ್ದು ಕರಾವೆಯಲ್ಲಿ 1993ರಿಂದ ಇರುವ ನಾವಿಕ ತರಬೇತಿ ಸಂಸ್ಥೆ. ಎರಡನೆಯದಕ್ಕೆ ಪಕ್ಕದ ವಸತಿ ಸಂಕೀರ್ಣ. ಮೂರನೆಯದಕ್ಕೆ ಅದರ ಬೆನ್ನಿಗಿರುವ ಶಾಲೆ. ಮೂರೂ ವಿಸ್ತಾರದಲ್ಲಿ ಚಿಕ್ಕವು. ಡಿಪಿಎಸ್ ಕೆರೆ ಸುಮಾರು 30 ಎಕರೆ. ಇವುಗಳ ಎದುರಿಗೆ ಹರಡಿರುವ ಠಾಣೆ ಖಾಡಿಗೆ 2022ರ ಏಪ್ರಿಲ್‌ನಲ್ಲಿ ಅಂತರರಾಷ್ಟ್ರೀಯ ಮಹತ್ವದ ಜೌಗೆಂಬ ರಾಮ್ಸರ್ ಮಾನ್ಯತೆ ದೊರೆತಾಗ ಗುರುತಿಸಿದ ವಿಸ್ತೀರ್ಣ 6521 ಹೆಕ್ಟೇರ್. ಈ ಎರಡು ಅಂಕಿಗಳನ್ನು ಪಕ್ಕಪಕ್ಕದಲ್ಲಿಟ್ಟು ನೋಡಿದವರಿಗೆ ನೆರೂಳದ ನೀರು ನಗಣ್ಯವೆಂದು ತೋರುವುದು ಸಹಜ. ಹಕ್ಕಿಗಳು ಈ ಜಾಗವನ್ನು ಬಳಸುವ ಬಗೆ ವಿಸ್ತೀರ್ಣದಿಂದ ತಿಳಿಯುವಂಥದ್ದಲ್ಲ, ಅದು ಗಡಿಯಾರದಿಂದ ತಿಳಿಯಬೇಕಾದದ್ದು ಎಂಬುದನ್ನು ತೋರಿಸುವುದೇ ಈ ಟಿಪ್ಪಣಿಯ ಉದ್ದೇಶ.

ಇದಕ್ಕೆ ಆಧಾರ, ಜನವರಿಯಲ್ಲಿ ಹುಣ್ಣಿಮೆ ಕಳೆದ ಪಾಡ್ಯದಂದು ಬೆಳಗಿನಿಂದ ಸಂಜೆಯವರೆಗೆ ಗೆಳೆಯನೊಬ್ಬನೊಂದಿಗೆ ಮಾಡಿದ ವೀಕ್ಷಣೆ. ಅವನು ಕುಮಟಾ ಕಡೆಯವನು, ಡೊಂಬಿವಲಿಯಲ್ಲಿ ನೆಲೆಸಿ ಬಹುಕಾಲವಾಯಿತು. ಅಘನಾಶಿನಿ ಹೊಳೆಯ ಗಜನಿ ಗದ್ದೆಗಳ ನಡುವೆ ಬೆಳೆದವನಾದ್ದರಿಂದ ಉಪ್ಪುನೀರಿನ ಏರಿಳಿತ ಅವನಿಗೆ ಪುಸ್ತಕದ ವಿಷಯವಲ್ಲ. ಠಾಣೆಯಲ್ಲಿ ಗಾಡಿ ಬದಲಿಸಿ ಟ್ರಾನ್ಸ್-ಹಾರ್ಬರ್ ಲೋಕಲ್ಲಿನಲ್ಲಿ ಅವನು ನೆರೂಳಕ್ಕೆ ಬಂದಿಳಿದಾಗ ಇನ್ನೂ ಕತ್ತಲಿತ್ತು.

ದಿನವನ್ನು ಆರಿಸಿದ ಬಗೆಯನ್ನು ಮೊದಲು ಹೇಳಬೇಕು, ಏಕೆಂದರೆ ಉಳಿದದ್ದೆಲ್ಲ ಅದರ ಮೇಲೆ ನಿಂತಿದೆ. ಮುಂಬಯಿ ಕರಾವಳಿಯಲ್ಲಿ ದಿನಕ್ಕೆ ಎರಡು ಉಬ್ಬರ, ಎರಡು ಇಳಿತ. ಒಂದು ಉಬ್ಬರದಿಂದ ಮುಂದಿನದಕ್ಕೆ ಸುಮಾರು 12 ಗಂಟೆ 25 ನಿಮಿಷ. ಹಾಗಾಗಿ ದಿನದಿಂದ ದಿನಕ್ಕೆ ಉಬ್ಬರದ ಹೊತ್ತು ಹತ್ತಿರ ಹತ್ತಿರ 50 ನಿಮಿಷ ಮುಂದೆ ಸರಿಯುತ್ತದೆ. ಹುಣ್ಣಿಮೆ ಮತ್ತು ಅಮಾವಾಸ್ಯೆಯ ಆಸುಪಾಸಿನಲ್ಲಿ ನೀರು ಅತಿ ಎತ್ತರಕ್ಕೇರಿ ಅತಿ ಕೆಳಕ್ಕಿಳಿಯುತ್ತದೆ. ಕೊಂಕಣದ ಕೋಳಿ ಮೀನುಗಾರರು ಇದಕ್ಕೆ ಉಧಾಣ ಎನ್ನುತ್ತಾರೆ. ಅಷ್ಟಮಿಯ ಆಸುಪಾಸಿನಲ್ಲಿ ಏರಿಳಿತದ ಅಂತರ ಕುಗ್ಗುತ್ತದೆ, ಅದು ಭಾಂಗ. ಉಬ್ಬರದ ಹೊತ್ತನ್ನು ತಿಳಿಯಲು ಅವರ ಲೆಕ್ಕ ಸರಳ. ತಿಥಿಯ ಸಂಖ್ಯೆಯ ಮುಕ್ಕಾಲು ಪಾಲನ್ನು ಹನ್ನೆರಡು ಗಂಟೆಯ ಮುಂದೆ ಎಣಿಸಬೇಕು. ಪಾಡ್ಯಕ್ಕೆ ಮುಕ್ಕಾಲು ಗಂಟೆ, ಅಂದರೆ ಮಧ್ಯಾಹ್ನ ಹನ್ನೆರಡೂ ಮುಕ್ಕಾಲು. ಅಷ್ಟಮಿಗೆ ಆರು ಗಂಟೆ. ಮುದ್ರಿತ ಉಬ್ಬರ ಪಟ್ಟಿಯೊಂದಿಗೆ ಹೋಲಿಸಿದರೆ ಈ ಲೆಕ್ಕ ಸ್ಥೂಲವಾಗಿ ಹೊಂದುತ್ತದೆ. ಶತಮಾನಗಳಿಂದ ದೋಣಿ ಬಿಟ್ಟವರ ಈ ಜ್ಞಾನವನ್ನು ಪಕ್ಷಿ ವೀಕ್ಷಕರು ಇನ್ನೂ ತಮ್ಮದಾಗಿಸಿಕೊಂಡಿಲ್ಲ ಎಂಬುದು ನನ್ನನ್ನು ಸದಾ ಕಾಡುವ ಸಂಗತಿ.

ಪಾಡ್ಯದ ದಿನದ ಅನುಕೂಲ ಇಷ್ಟು. ಸೂರ್ಯ ಹುಟ್ಟುವ ಹೊತ್ತಿಗೆ ಇಳಿತ, ನಡುಮಧ್ಯಾಹ್ನಕ್ಕೆ ಉಬ್ಬರ, ಮುಳುಗುವ ಹೊತ್ತಿಗೆ ಮತ್ತೆ ಇಳಿತ. ಬೆಳಕಿರುವ ಅವಧಿಯೊಳಗೆ ಒಂದು ಪೂರ್ಣ ಸುತ್ತನ್ನು ನೋಡಬಹುದು. ಅಷ್ಟಮಿಯಲ್ಲಿ ಇದು ತಿರುವುಮುರುವು. ಉಬ್ಬರದ ತುದಿ ಬೆಳಗಿನ ಆರಕ್ಕೂ ಸಂಜೆಯ ಆರಕ್ಕೂ ಬರುತ್ತದೆ, ಹಗಲೆಲ್ಲ ಕೆಸರು ತೆರೆದಿರುತ್ತದೆ.

ಬೆಳಗ್ಗೆ ಏಳರ ಸುಮಾರಿಗೆ ಟಿ.ಎಸ್. ಚಾಣಕ್ಯದ ಬದುವಿನ ಮೇಲೆ ಟ್ರೈಪಾಡ್ ಊರಿದೆವು. ಚಳಿಗಾಲದ ಮುಂಬಯಿ ಬೆಳಗಿನ ಮಬ್ಬು ಖಾಡಿಯ ಆಚೆ ದಡವನ್ನು ಮುಚ್ಚಿತ್ತು. ಜೌಗಿನೊಳಗೆ ಕಂಡದ್ದು ಮುಖ್ಯವಾಗಿ ಬಾತುಗಳು. ಅಗಲ ಕೊಕ್ಕಿನ ಶವೆಲರ್, ಸೂಜಿಬಾಲದ ಬಾತು, ಬಿಳಿಹುಬ್ಬಿನ ಬಾತು, ನೀರಿನ ನಡುವೆ ಗುಂಪುಗಟ್ಟಿ ತಲೆಯನ್ನು ರೆಕ್ಕೆಯಲ್ಲಿ ಹುದುಗಿಸಿದ್ದವು. ಅಂಚಿನಲ್ಲಿ ಮೆಟ್ಟುಗಾಲು ಹಕ್ಕಿಗಳು ಎಂದಿನಂತೆ ಕೆದಕುತ್ತಿದ್ದವು. ಕೊಳದ ಬಕ, ಬೆಳ್ಳಕ್ಕಿ, ಒಂದು ಗದ್ದೆ ಮಿಂಚುಳ್ಳಿ. ಗೊರವಗಳಿಲ್ಲ, ಪ್ಲೋವರ್‌ಗಳಿಲ್ಲ, ಫ್ಲೆಮಿಂಗೊ ಒಂದೂ ಇಲ್ಲ. ಈ ಹೊತ್ತಿಗೆ ಬಂದು ಪಟ್ಟಿ ಬರೆದು ಹೋದವರು, ಜೌಗು ಬಹುಪಾಲು ಖಾಲಿಯಾಗಿದೆ ಎಂದು ಪ್ರಾಮಾಣಿಕವಾಗಿಯೇ ದಾಖಲಿಸುತ್ತಾರೆ.

ಆ ಹೊತ್ತಿಗೆ ಈ ಹಕ್ಕಿಗಳೆಲ್ಲ ಉಪ್ಪಟ್ಟಿ ಎಂಬ ಕಾಂಡ್ಲಾ ಗಿಡಗಳ ಗೋಡೆಯಾಚೆ, ತೆರೆದ ಕೆಸರಿನ ಮೇಲೆ ಇದ್ದವು. ಠಾಣೆ ಖಾಡಿ ಸುಮಾರು 26 ಕಿ.ಮೀ. ಉದ್ದದ್ದು, ಉತ್ತರದಲ್ಲಿ ಕಿರಿದಾದ ಕಾಲುವೆಯಿಂದ ಉಲ್ಹಾಸ ನದಿಗೆ ತಾಗಿ, ದಕ್ಷಿಣದಲ್ಲಿ ಮುಂಬಯಿ ಬಂದರಿಗೆ ತೆರೆದುಕೊಳ್ಳುತ್ತದೆ. ಎರಡೂ ದಡದ ನಗರಗಳ ಚರಂಡಿ ನೀರು ಬಂದು ಸೇರುವ ಈ ಖಾಡಿಯಲ್ಲಿ ಪೋಷಕಾಂಶ ಅಧಿಕ, ಅದರಿಂದ ಪಾಚಿಯೂ ಅಧಿಕ. ಕಿರಿ ಫ್ಲೆಮಿಂಗೊದ ಆಹಾರ ಆ ಸೂಕ್ಷ್ಮ ನೀಲಿ-ಹಸಿರು ಪಾಚಿ ಮತ್ತು ಡಯಾಟಮ್‌ಗಳೇ. ಅದು ಕೊಕ್ಕನ್ನು ತಲೆಕೆಳಗಾಗಿ ನೀರಿನ ಮೇಲ್ಪದರದಲ್ಲಿ ಅತ್ತಿತ್ತ ಆಡಿಸುತ್ತ, ನಾಲಿಗೆಯಿಂದ ನೀರನ್ನು ಒಳಕ್ಕೆಳೆದು ಹೊರಹಾಕುತ್ತ, ಕೊಕ್ಕಿನೊಳಗಿನ ನವಿರಾದ ಜಾಲರಿಯಲ್ಲಿ ಪಾಚಿಯನ್ನು ಹಿಡಿದಿಟ್ಟುಕೊಳ್ಳುತ್ತದೆ. ಹಿರಿ ಫ್ಲೆಮಿಂಗೊದ ಜಾಲರಿ ಒರಟು. ಅದು ತಳದ ಕೆಸರಿಗೇ ತಲೆಯಿಟ್ಟು ಸಣ್ಣ ಸಿಗಡಿಯಂಥ ಜೀವಿಗಳನ್ನೂ ಚಿಪ್ಪುಜೀವಿಗಳನ್ನೂ ಹೆಕ್ಕುತ್ತದೆ. ದೂರದಿಂದ ಎರಡನ್ನೂ ಬೇರ್ಪಡಿಸಲು ಎತ್ತರಕ್ಕಿಂತ ಕೊಕ್ಕು ನಂಬಿಕಸ್ಥ ಗುರುತು. ಹಿರಿಯದರ ಕೊಕ್ಕು ನಸುಗೆಂಪು, ತುದಿ ಮಾತ್ರ ಕಪ್ಪು. ಕಿರಿಯದರದು ಪೂರ್ತಿ ಗಾಢ, ಬಹುತೇಕ ಕಪ್ಪೆಂದೇ ತೋರುತ್ತದೆ.

ಮಲಿನ ಖಾಡಿಯೇ ಹಕ್ಕಿಗಳಿಗೆ ಉಣ್ಣುವ ಬಟ್ಟಲಾದದ್ದನ್ನು ಕೇಳಿದವರು, ಹಾಗಾದರೆ ಮಾಲಿನ್ಯ ಒಳ್ಳೆಯದೇ ಎಂಬ ತೀರ್ಮಾನಕ್ಕೆ ಬೇಗ ಹಾರುತ್ತಾರೆ. ಅದನ್ನು ನಾನು ಒಪ್ಪುವುದಿಲ್ಲ. ಪಾಚಿ ಹೆಚ್ಚಿಸುವ ಅದೇ ನೀರು ಭಾರಲೋಹಗಳನ್ನೂ ತರುತ್ತದೆ, ಮೀನುಗಾರರ ಬಲೆಯನ್ನೂ ಬರಿದು ಮಾಡುತ್ತದೆ. ಫ್ಲೆಮಿಂಗೊಗಳು ಇಲ್ಲಿ ದೊಡ್ಡ ಸಂಖ್ಯೆಯಲ್ಲಿ ಕಾಣಿಸಿಕೊಳ್ಳತೊಡಗಿದ್ದು 1990ರ ದಶಕದಲ್ಲಿ, ಶಿವ್ಡಿಯ ಕೆಸರುಬಯಲಿನಲ್ಲಿ. ಅನಂತರ ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿಯ ಎಣಿಕೆಗಳಲ್ಲಿ ಖಾಡಿಯ ಫ್ಲೆಮಿಂಗೊಗಳ ಸಂಖ್ಯೆ ಒಂದು ಲಕ್ಷವನ್ನು ದಾಟಿದೆ. 2022ರಲ್ಲಿ ಸೊಸೈಟಿ ಆರು ಹಕ್ಕಿಗಳಿಗೆ ಉಪಗ್ರಹದ ಮೂಲಕ ಜಾಡು ತಿಳಿಸುವ ಸಾಧನ ಕಟ್ಟಿತು. ಒಂದಕ್ಕೆ ಸಲೀಂ, ಇನ್ನೊಂದಕ್ಕೆ ಹುಮಾಯೂನ್, ಮತ್ತೊಂದಕ್ಕೆ ನವಿ ಮುಂಬೈ ಎಂದೇ ಹೆಸರಿಟ್ಟರು. ಮಳೆಗಾಲದಲ್ಲಿ ಹಕ್ಕಿಗಳು ಗುಜರಾತಿನ ಕಡೆ ಸಾಗುವುದು ಇಂಥ ಜಾಡಿನಿಂದ ಖಚಿತವಾಯಿತು. ಕಛ್‌ನ ರಣದಲ್ಲಿ ಅವು ಮರಿಮಾಡುವ ತಾಣವನ್ನು ಸಲೀಂ ಅಲಿ 1945ರಲ್ಲೇ ಕಂಡು ಬರೆದಿದ್ದರು.

ಹತ್ತು ಗಂಟೆ ದಾಟಿದ ಮೇಲೆ ನಮ್ಮ ಮುಂದಿನ ನೋಟ ಬದಲಾಗತೊಡಗಿತು. ಖಾಡಿಯಲ್ಲಿ ನೀರು ಉಪ್ಪಟ್ಟಿಯ ಬುಡದ ಉಸಿರುಬೇರುಗಳನ್ನು ಮುಚ್ಚುತ್ತ ಬಂತು. ಮೊದಲು ಎದ್ದು ಬಂದದ್ದು ಸಣ್ಣ ಹಕ್ಕಿಗಳ ತಂಡ. ಸ್ಯಾಂಡ್ ಪ್ಲೋವರ್, ಲಿಟ್ಲ್ ಸ್ಟಿಂಟ್, ಅವುಗಳ ನಡುವೆ ಬಾಗುಕೊಕ್ಕಿನ ಕರ್ಲ್ಯೂ ಸ್ಯಾಂಡ್‌ಪೈಪರ್. ಗಿಡಗಳ ನೆತ್ತಿಯ ಮೇಲೆ ಒಮ್ಮೆ ಬಿಳಿಯಾಗಿ ಮಿನುಗಿ, ಒಮ್ಮೆ ಕಂದಾಗಿ ಮಾಸಿ, ಜೌಗಿನ ಮೇಲೆ ಎರಡು ಸುತ್ತು ಹಾಕಿ ಬರಿಕೆಸರಿನ ಒಂದು ದಿಬ್ಬಕ್ಕಿಳಿದವು. ಸ್ವಲ್ಪ ಹೊತ್ತಿಗೆ ಕೆಂಗಾಲಿನ ರೆಡ್‌ಶ್ಯಾಂಕ್‌ಗಳು. ಆಮೇಲೆ ಕಪ್ಪುಬಾಲದ ಗೊರವಗಳು, ಅಲೆ ಅಲೆಯಾಗಿ. ನೀಳ ಕೊಕ್ಕು, ನೀಳ ಕಾಲಿನ ಅವು ಮೊಣಕಾಲಮಟ್ಟದ ನೀರಿನಲ್ಲಿ ಒತ್ತೊತ್ತಾಗಿ ನಿಂತು, ಗಾಳಿಗೆ ಮುಖಮಾಡಿ, ಒಂದೊಂದೇ ಕಾಲನ್ನು ಮಡಿಚಿದವು. ಹನ್ನೆರಡರ ಹೊತ್ತಿಗೆ ಫ್ಲೆಮಿಂಗೊಗಳ ಮೊದಲ ಸಾಲು ಬಂತು. ಉದ್ದಕಾಲಿನ ಹಕ್ಕಿ ಏರುವ ನೀರಿನಲ್ಲಿ ಹೆಚ್ಚು ಹೊತ್ತು ನಿಲ್ಲಬಲ್ಲದಾದ್ದರಿಂದ ಅದು ಕೊನೆಗೆ ಬರುವುದು ತರ್ಕಕ್ಕೆ ಸರಿಯಾಗಿದೆ. ಕಡಲಕ್ಕಿಗಳು ಮಾತ್ರ ಯಾವ ಕ್ರಮಕ್ಕೂ ಸಿಕ್ಕಲಿಲ್ಲ.

“ನೋಡು ಮಾರಾಯ, ನಮ್ಮ ಗಜನಿಯಲ್ಲೂ ಹೀಗೇ. ಹೊಳೆ ತುಂಬ್ತಾ ಬಂದ ಹಾಗೆ ಹಕ್ಕಿ ಒಳಗೆ ಬರ್ತವೆ, ನೀರು ಇಳೀತಿದ್ದ ಹಾಗೆ ಹೊರಗೆ” ಎಂದ ಗೆಳೆಯ, ಕಣ್ಣನ್ನು ಸ್ಕೋಪಿನಿಂದ ತೆಗೆಯದೆ.

ಅವನ ಮಾತು ನಮ್ಮಿಬ್ಬರ ಮುಂದಿನ ಚರ್ಚೆಗೆ ದಾರಿಯಾಯಿತು. ಅಘನಾಶಿನಿಯ ಅಳಿವೆಯಲ್ಲಿ ಉಪ್ಪುನೀರು ತಾಳುವ ಕಗ್ಗ ಭತ್ತ ಬೆಳೆಯುವ ಗಜನಿ ಗದ್ದೆಗಳಿವೆ. ಸುತ್ತ ಕಟ್ಟೆ, ಕಟ್ಟೆಯಲ್ಲಿ ನೀರನ್ನು ಒಳಬಿಡಲು ಹೊರಬಿಡಲು ಜಂತ್ರಡಿ. ಬೆಳೆ ಕೊಯ್ದ ಮೇಲೆ ಅದೇ ಗದ್ದೆ ಸಿಗಡಿ-ಮೀನಿನ ಜಾಗ, ಚಳಿಗಾಲದ ಹಕ್ಕಿಗಳ ಜಾಗವೂ ಹೌದು. 2024ರ ಜನವರಿಯಲ್ಲಿ ಅಘನಾಶಿನಿ ಅಳಿವೆಗೂ ರಾಮ್ಸರ್ ಮಾನ್ಯತೆ ಬಂತು. ನೆರೂಳ-ಬೇಲಾಪುರ ಪಟ್ಟಿಯೂ ಒಂದು ಕಾಲಕ್ಕೆ ಇಂಥದೇ ನಾಡಾಗಿತ್ತು. ಆಗ್ರಿ ಮತ್ತು ಕೋಳಿ ಸಮುದಾಯಗಳ ಊರುಗಳು, ಉಪ್ಪಿನ ಆಗರಗಳು, ಕಟ್ಟೆಯೊಳಗಿನ ಭತ್ತದ ಖಾರ್ ಭೂಮಿ. 1970ರಲ್ಲಿ ಸ್ಥಾಪನೆಯಾದ ನಗರ ನಿರ್ಮಾಣ ಸಂಸ್ಥೆ ಸಿಡ್ಕೊ 95 ಹಳ್ಳಿಗಳ ನೆಲದ ಮೇಲೆ ಹೊಸ ನಗರವನ್ನು ಕಟ್ಟಿತು. ಉಬ್ಬರದ ಮಟ್ಟಕ್ಕಿಂತ ತಗ್ಗಿನಲ್ಲಿದ್ದ ನೆಲವನ್ನು ಬಳಸಲು ಡಚ್ಚರ ಮಾದರಿಯಲ್ಲಿ ಕಟ್ಟೆಗಳನ್ನೂ ಹೋಲ್ಡಿಂಗ್ ಪಾಂಡ್‌ಗಳನ್ನೂ ಮಾಡಿದರು. ಮಳೆಗಾಲದಲ್ಲಿ ಉಬ್ಬರವಿರುವಷ್ಟು ಹೊತ್ತು ಊರಿನ ಮಳೆನೀರು ಈ ಕೊಳಗಳಲ್ಲಿ ನಿಲ್ಲುತ್ತದೆ. ಇಳಿತ ಬಂದಾಗ ಖಾಡಿಗೆ ಹರಿಯುತ್ತದೆ. ಇಡೀ ನಗರ ಉಬ್ಬರದ ಲೆಕ್ಕದ ಮೇಲೆ ನಿಂತಿದೆ. ಹಕ್ಕಿಗಳದ್ದೂ ಅದೇ ಲೆಕ್ಕ.

ಮಧ್ಯಾಹ್ನ ಒಂದರ ಹೊತ್ತಿಗೆ ಜೌಗು ತುಂಬಿತ್ತು. ಆಗ ಎಣಿಸಿದ್ದನ್ನು ಇಲ್ಲಿ ಒಂದು ದೊಡ್ಡ ಅಂಕಿಯಾಗಿ ಮುಂದಿಡುತ್ತಿಲ್ಲ. ಒಂದೇ ದಿನದ, ಒಂದೇ ಜೌಗಿನ ಅಂಕಿ ಬಿಡಿಯಾಗಿ ಓಡಾಡತೊಡಗಿದರೆ ಅದು ತಿಳಿವಳಿಕೆಗಿಂತ ಹೆಚ್ಚು ತಪ್ಪುಕಲ್ಪನೆಯನ್ನು ಹರಡುತ್ತದೆ. ಇಲ್ಲಿ ಮುಖ್ಯವಾದದ್ದು ಬೆಳಗಿನ ಮತ್ತು ಮಧ್ಯಾಹ್ನದ ಪಟ್ಟಿಗಳ ನಡುವಿನ ವ್ಯತ್ಯಾಸದ ಸ್ವರೂಪ. ಬಾತುಗಳು ಎರಡೂ ಪಟ್ಟಿಯಲ್ಲಿ ಇದ್ದ ಹಾಗೇ ಇದ್ದವು. ಅವು ಹೆಚ್ಚಾಗಿ ರಾತ್ರಿ ಮೇದು ಹಗಲಿಡೀ ವಿಶ್ರಮಿಸುವ ಹಕ್ಕಿಗಳು. ಅವುಗಳ ಗಡಿಯಾರ ಸೂರ್ಯನದು. ಮೆಟ್ಟುಗಾಲು ಹಕ್ಕಿ, ಬಕ, ಬೆಳ್ಳಕ್ಕಿಗಳು ಜೌಗಿನಲ್ಲೇ ಆಹಾರ ಹುಡುಕುವ ಸ್ಥಳೀಯರು. ಅವುಗಳಲ್ಲೂ ವ್ಯತ್ಯಾಸ ಅಲ್ಪ. ಗೊರವ, ಪ್ಲೋವರ್, ಸ್ಟಿಂಟ್, ಫ್ಲೆಮಿಂಗೊಗಳು ಮಾತ್ರ ಬೆಳಗಿನಲ್ಲಿ ಇಲ್ಲವೇ ಇಲ್ಲವೆನಿಸಿ ಮಧ್ಯಾಹ್ನ ಜೌಗನ್ನು ಆಕ್ರಮಿಸಿದ್ದವು. ಇವುಗಳ ಗಡಿಯಾರ ಚಂದ್ರನದು. ಒಂದೇ ನೀರಿನಲ್ಲಿ ಎರಡು ಬಗೆಯ ಬಾಳು ಒಟ್ಟಿಗೆ ನಡೆದಿದೆ, ಮತ್ತು ಬೆಳಗಿನ ಪಟ್ಟಿಗೆ ಸಿಗುವುದು ಅದರಲ್ಲಿ ಒಂದು ಮಾತ್ರ.

ಏಷ್ಯಾದ ಜಲಪಕ್ಷಿ ಗಣತಿ 1987ರಿಂದ ಪ್ರತಿ ಜನವರಿಯಲ್ಲಿ ನಡೆಯುತ್ತ ಬಂದಿದೆ. ಇತ್ತೀಚೆಗೆ ಇ-ಬರ್ಡ್‌ನಲ್ಲಿ ಸಾವಿರಾರು ಹವ್ಯಾಸಿಗಳು ಪಟ್ಟಿ ಬರೆಯುತ್ತಾರೆ. ಅದರಲ್ಲಿ ವೀಕ್ಷಣೆ ಆರಂಭವಾದ ಗಂಟೆ ದಾಖಲಾಗುತ್ತದೆ ಎಂಬುದು ನಮ್ಮ ಭಾಗ್ಯ. ಗಂಟೆ ಮತ್ತು ದಿನಾಂಕ ಇದ್ದರೆ ಆ ಹೊತ್ತಿನ ಉಬ್ಬರದ ಮಟ್ಟವನ್ನು ಹಿಂದಿನಿಂದಲೂ ಲೆಕ್ಕಹಾಕಬಹುದು. ನೆರೂಳದ ಹಳೆಯ ಪಟ್ಟಿಗಳನ್ನು ಹೀಗೆ ಉಬ್ಬರದ ಪಟ್ಟಿಯೊಂದಿಗೆ ಜೋಡಿಸಿ ನೋಡುವ ಕೆಲಸ ಯಾವ ಕಾಲೇಜು ವಿದ್ಯಾರ್ಥಿಯಾದರೂ ಕೈಗೊಳ್ಳಬಹುದಾದದ್ದು, ಮತ್ತು ತುರ್ತಾಗಿ ಆಗಬೇಕಾದದ್ದು. ಭಾನುವಾರದ ಬೆಳಗ್ಗೆಯಷ್ಟೇ ಬಿಡುವಿರುವ ನಗರದಲ್ಲಿ ಪಟ್ಟಿಗಳು ಬೆಳಗಿನ ಹೊತ್ತಿಗೇ ಒಟ್ಟಾಗುತ್ತವೆ. ಅಷ್ಟಮಿಯ ಮುಂಜಾನೆ ಬಂದವರಿಗೂ ಹುಣ್ಣಿಮೆಯ ಮುಂಜಾನೆ ಬಂದವರಿಗೂ ಕಂಡ ಜೌಗು ಒಂದೇ ಅಲ್ಲ. ಇವೆರಡನ್ನೂ ಬೆರೆಸಿ ಸರಾಸರಿ ತೆಗೆದು, ಈ ವರ್ಷ ಹಕ್ಕಿ ಇಳಿದಿದೆ ಅಥವಾ ಏರಿದೆ ಎಂದು ಹೇಳುವುದರಲ್ಲಿ ಅರ್ಥವಿಲ್ಲ.

ಉಬ್ಬರದ ತಂಗುದಾಣ ಎಂದು ನಾನು ಕರೆಯುವ ಈ ಬಗೆಯ ಜಾಗ ಹಕ್ಕಿಗೆ ಬರಿಯ ವಿಶ್ರಾಂತಿಯ ತಾಣ ಎನಿಸಬಹುದು. ಆದರೆ ಅದರ ಬೆಲೆ ಮೈಯೊಳಗಿನ ಕೊಬ್ಬಿನ ಲೆಕ್ಕದಲ್ಲಿದೆ. ಕರ್ಲ್ಯೂ ಸ್ಯಾಂಡ್‌ಪೈಪರ್ ಗೂಡು ಕಟ್ಟುವುದು ಉತ್ತರ ಸೈಬೀರಿಯದ ಟಂಡ್ರಾದಲ್ಲಿ. ವಸಂತದಲ್ಲಿ ಅಲ್ಲಿಗೆ ಹಾರಲು ಬೇಕಾದ ಇಂಧನವನ್ನು ಅದು ಇಂಥ ಕೆಸರಿನಿಂದ ತುತ್ತು ತುತ್ತಾಗಿ ಕೂಡಿಡುತ್ತದೆ. ಉಬ್ಬರದ ನಾಲ್ಕೈದು ಗಂಟೆ ಹತ್ತಿರದಲ್ಲೇ ನೆಮ್ಮದಿಯಾಗಿ ನಿಲ್ಲಲು ಜಾಗ ಸಿಕ್ಕರೆ ಕೂಡಿಟ್ಟದ್ದು ಉಳಿಯುತ್ತದೆ. ಸಿಗದಿದ್ದರೆ ಗಾಳಿಯಲ್ಲಿ ಸುತ್ತುತ್ತಲೋ ದೂರದ ಜಾಗಕ್ಕೆ ಹಾರುತ್ತಲೋ ಅದನ್ನು ಕಳೆದುಕೊಳ್ಳುತ್ತದೆ, ದಿನಕ್ಕೆ ಎರಡು ಬಾರಿ. 2024ರ ಅಕ್ಟೋಬರ್‌ನಲ್ಲಿ ಐಯುಸಿಎನ್ ಕೆಂಪುಪಟ್ಟಿಯನ್ನು ಪರಿಷ್ಕರಿಸಿದಾಗ ಕರ್ಲ್ಯೂ ಸ್ಯಾಂಡ್‌ಪೈಪರ್ ಮತ್ತು ಗ್ರೇ ಪ್ಲೋವರ್ ಎರಡನ್ನೂ ಅಪಾಯಕ್ಕೊಳಗಾದ ಪ್ರಭೇದಗಳ ಸಾಲಿಗೆ ಸೇರಿಸಲಾಯಿತು. ಕಪ್ಪುಬಾಲದ ಗೊರವ ಮತ್ತು ಕಿರಿ ಫ್ಲೆಮಿಂಗೊ ಅಪಾಯದ ಅಂಚಿನ ಪಟ್ಟಿಯಲ್ಲಿವೆ. ನೆರೂಳದ ದಿಬ್ಬದ ಮೇಲೆ ಮಧ್ಯಾಹ್ನ ನಿದ್ದೆಹೋದ ಗುಂಪಿನಲ್ಲಿ ಇವುಗಳಲ್ಲಿ ಮೂರು ಒಟ್ಟಿಗಿದ್ದವು.

ಈ ಬಳಕೆಗೆ ಜಾಗ ಹೇಗಿರಬೇಕು ಎಂಬುದನ್ನೂ ಹಕ್ಕಿಗಳೇ ತೋರಿಸಿಕೊಟ್ಟವು. ಬೆರಳುದ್ದದ ಕಾಲಿನ ಸ್ಟಿಂಟ್‌ಗೆ ಬೇಕಾದ್ದು ಬರಿಕೆಸರು ಅಥವಾ ಪಾದ ಮುಳುಗುವಷ್ಟು ನೀರು. ಗೊರವಕ್ಕೆ ಅದಕ್ಕಿಂತ ತುಸು ಹೆಚ್ಚು. ಎಲ್ಲಕ್ಕೂ ಬೇಕಾದ್ದು ತೆರೆದ ನೋಟ. ಆ ದಿನ ಮಧ್ಯಾಹ್ನ ಜೌಗು ಸೆಳೆವವೊಂದು ತಗ್ಗಿನಲ್ಲಿ ಹಾರುತ್ತ ಬಂದಾಗ ಅದು ಇನ್ನೂ ದೂರವಿರುವಾಗಲೇ ಇಡೀ ದಿಬ್ಬ ಒಮ್ಮೆಗೇ ಎದ್ದಿತು. ಎತ್ತರದ ಗಿಡದ ಪಕ್ಕ ಒಂದೂ ತಂಗಲಿಲ್ಲ. ಹಾಗಾಗಿ ಕೆರೆಗಳನ್ನು ಹೂಳೆತ್ತಿ ಆಳ ಮಾಡುವ, ಸುತ್ತ ಕಲ್ಲು ಕಟ್ಟಿ ನಡಿಗೆ ದಾರಿ ಮಾಡುವ ಸುಂದರೀಕರಣದ ಯೋಜನೆಗಳು ಇಲ್ಲಿಗೆ ಹೊಂದುವುದಿಲ್ಲ. ಆಳವಾದ ನೀಲಿ ಕೆರೆ ಜನರ ಕಣ್ಣಿಗೆ ಚೆಂದ, ಅದರಲ್ಲಿ ಬಾತು ತೇಲಬಹುದು, ನೀರುಕಾಗೆ ಮುಳುಗಬಹುದು; ಸ್ಟಿಂಟ್‌ಗೆ ಅಲ್ಲಿ ಕಾಲಿಡಲು ಎಡೆಯಿಲ್ಲ.

ಕಾಂಡ್ಲಾ ಗಿಡಗಳ ವಿಷಯ ಇನ್ನೂ ಸೂಕ್ಷ್ಮ. ಬಾಂಬೆ ಹೈಕೋರ್ಟ್ 2005ರ ಅಕ್ಟೋಬರ್‌ನಲ್ಲಿ ಮಹಾರಾಷ್ಟ್ರದಾದ್ಯಂತ ಕಾಂಡ್ಲಾ ನಾಶಕ್ಕೆ ತಡೆಯೊಡ್ಡಿತು; 2018ರ ಸೆಪ್ಟೆಂಬರ್‌ನ ಅಂತಿಮ ತೀರ್ಪು ಅದನ್ನು ಗಟ್ಟಿಗೊಳಿಸಿತು. ಆ ಆದೇಶಗಳು ಬರದಿದ್ದರೆ ಈ ದಡ ಇಂದು ಪೂರ್ತಿ ಕಾಂಕ್ರೀಟ್ ಆಗಿರುತ್ತಿತ್ತು ಎಂಬುದರಲ್ಲಿ ನನಗೆ ಸಂಶಯವಿಲ್ಲ. ಆದರೆ ಖಾಡಿಯಲ್ಲಿ ಹೂಳು ಹೆಚ್ಚಿದಂತೆ ಉಪ್ಪಟ್ಟಿ ತೆರೆದ ಕೆಸರಿನ ಮೇಲೂ ಜೌಗಿನ ಒಳಗೂ ಹಬ್ಬುತ್ತಿದೆ. ಗಿಡ ನೆಟ್ಟ ಎಕರೆಗಳನ್ನು ಎಣಿಸಿ ಸಂತೋಷಪಡುವವರು, ಬರಿಕೆಸರೂ ಒಂದು ನೆಲೆ, ಅದನ್ನು ಬರಿದಾಗಿಯೇ ಉಳಿಸಿಕೊಳ್ಳಬೇಕು ಎಂಬುದನ್ನು ಗಮನಿಸಬೇಕು. ಎರಡನ್ನೂ ಉಳಿಸುವುದು ಸಾಧ್ಯ, ಆದರೆ ಅದಕ್ಕೆ ಪ್ರತಿ ಜೌಗಿನ ನಕ್ಷೆಯಲ್ಲಿ ಗಿಡದ ಗೆರೆ ಎಲ್ಲಿ ನಿಲ್ಲಬೇಕು ಎಂದು ಮೊದಲೇ ತೀರ್ಮಾನವಾಗಿರಬೇಕು.

ಕಾನೂನಿನ ಗೆರೆ ಎಲ್ಲಿದೆ ಎಂಬುದನ್ನೂ ನೋಡಬೇಕು. 2015ರಲ್ಲಿ ಘೋಷಣೆಯಾದ ಠಾಣೆ ಖಾಡಿ ಫ್ಲೆಮಿಂಗೊ ಅಭಯಾರಣ್ಯ ಸುಮಾರು 1690 ಹೆಕ್ಟೇರ್. ಅದು ಐರೋಲಿ ಮತ್ತು ವಾಶಿ ಸೇತುವೆಗಳ ನಡುವಿನದು. ನೆರೂಳ ವಾಶಿ ಸೇತುವೆಯ ದಕ್ಷಿಣಕ್ಕೆ, ಅಭಯಾರಣ್ಯದ ಹೊರಗೆ. ಒಂದೇ ಹಕ್ಕಿ ಬೆಳಗ್ಗೆ ರಕ್ಷಿತ ಕೆಸರಿನಲ್ಲಿ ಉಂಡು ಮಧ್ಯಾಹ್ನ ರಕ್ಷಣೆಯಿಲ್ಲದ ನೀರಿನಲ್ಲಿ ಮಲಗುವ ಸ್ಥಿತಿ ಇದು. ನೆರೂಳದ ಜೌಗಿನ ಜಾಗದಲ್ಲಿ ಗಾಲ್ಫ್ ಮೈದಾನ ಮತ್ತು ವಸತಿ ಕಟ್ಟಡಗಳಿಗೆ ಅವಕಾಶ ಕೊಟ್ಟಿದ್ದ ಭೂಬಳಕೆಯ ಬದಲಾವಣೆಯನ್ನು ಬಾಂಬೆ ಹೈಕೋರ್ಟ್ 2018ರ ನವೆಂಬರ್‌ನಲ್ಲಿ ರದ್ದುಪಡಿಸಿತು. ವಿವಾದ ಸುಪ್ರೀಂ ಕೋರ್ಟಿನ ಮೆಟ್ಟಿಲೇರಿತು. ಇಂಥ ವಿವಾದಗಳಲ್ಲಿ ಮತ್ತೆ ಮತ್ತೆ ಏಳುವ ಪ್ರಶ್ನೆ, ಇದು ನಿಜವಾದ ಜೌಗೋ, ಮನುಷ್ಯ ಮಾಡಿದ ಕೊಳವೋ ಎಂಬುದು. 2017ರ ಜೌಗುಪ್ರದೇಶ ನಿಯಮಗಳು ಕುಡಿಯುವ ನೀರು, ಉಪ್ಪು, ಮೀನು ಸಾಕಣೆ, ನೀರಾವರಿ ಮುಂತಾದ ಉದ್ದೇಶಕ್ಕೆ ಕಟ್ಟಿದ ಜಲಾಶಯಗಳನ್ನು ವ್ಯಾಖ್ಯೆಯಿಂದ ಹೊರಗಿಟ್ಟಿವೆ. ಗಜನಿಯ ಕಟ್ಟೆಯನ್ನೂ ಖಾರ್ ಭೂಮಿಯ ಕಟ್ಟೆಯನ್ನೂ ಮನುಷ್ಯನೇ ಕಟ್ಟಿದ್ದು. ನಮ್ಮ ಪಶ್ಚಿಮ ಕರಾವಳಿಯಲ್ಲಿ ಮನುಷ್ಯನ ಕೈಯಾಡದ ತಗ್ಗುನೆಲ ಎಷ್ಟಿದೆ? ಕಟ್ಟಿದವರು ಯಾರು ಎಂದು ಕೇಳುವ ಬದಲು ಉಬ್ಬರದ ನೀರು ಒಳಗೆ ಬರುತ್ತಿದೆಯೇ ಎಂದು ಕೇಳಿದರೆ ಉತ್ತರ ಸ್ಪಷ್ಟವಾಗಿ ಸಿಗುತ್ತದೆ.

ಡಿಪಿಎಸ್ ಕೆರೆಯ ಇತ್ತೀಚಿನ ಇತಿಹಾಸ ಇದನ್ನೇ ಹೇಳುತ್ತದೆ. ಸಂಜೆ ಅಲ್ಲಿಗೆ ಹೋಗುವ ಮುನ್ನ ಗೆಳೆಯ, ನೀರಿನ ದಾರಿಯನ್ನು ಮೊದಲು ನೋಡಬೇಕೆಂದ. “ಹಕ್ಕಿ ಆಮೇಲೆ. ಜಂತ್ರಡಿ ಎಲ್ಲಿದೆ ತೋರಿಸು.” ಖಾಡಿಯ ನೀರು ಕಿರಿದಾದ ಹಾದಿಯಲ್ಲಿ ಆ ಕೆರೆಗೆ ಬಂದು ಹೋಗುತ್ತದೆ. ಜೆಟ್ಟಿಯ ಕಡೆಯ ರಸ್ತೆ ಕಾಮಗಾರಿಯಿಂದ ಆ ಹಾದಿ ಕಟ್ಟಿಕೊಂಡಿತು. 2024ರ ಬೇಸಿಗೆಯಲ್ಲಿ ಕೆರೆ ಬತ್ತಿತು, ಆ ದಿನಗಳಲ್ಲಿ ಹಲವು ಫ್ಲೆಮಿಂಗೊಗಳು ಸತ್ತವು. ಹಾದಿ ಕಟ್ಟಿದರೆ ಹೊಸ ನೀರು ಬಾರದೆ, ಹಳೆಯದು ನಿಂತು, ಪಾಚಿ ಹೆಪ್ಪುಗಟ್ಟಿ, ಕೊನೆಗೆ ತಳ ಬಿರಿಯುತ್ತದೆ. ಕೆರೆಯ ಮೇಲೆ ಒಂದು ಹಿಡಿ ಮಣ್ಣನ್ನೂ ಸುರಿಯದೆ ಅದನ್ನು ಇಲ್ಲವಾಗಿಸಲು ಇಷ್ಟು ಸಾಕು. ನಾಗರಿಕರ ಹೋರಾಟದ ಫಲವಾಗಿ ಪ್ರಕರಣ ಸರ್ಕಾರದ ಮುಂದೆ ಬಂದು, 2025ರ ಏಪ್ರಿಲ್‌ನಲ್ಲಿ ಮಹಾರಾಷ್ಟ್ರ ರಾಜ್ಯ ವನ್ಯಜೀವಿ ಮಂಡಳಿ ಈ ಕೆರೆಯನ್ನು ಸಂರಕ್ಷಿತ ಮೀಸಲು ಪ್ರದೇಶವಾಗಿಸಲು ಒಪ್ಪಿಗೆ ನೀಡಿತು. ಇದು ದೊಡ್ಡ ಹೆಜ್ಜೆ, ಹೋರಾಡಿದವರಿಗೆ ನಾಡು ಕೃತಜ್ಞವಾಗಿರಬೇಕು. ಆದರೆ ಮೀಸಲಿನ ನಕ್ಷೆಯಲ್ಲಿ ಕೆರೆಯ ಅಂಚಿನ ಜೊತೆಗೆ ನೀರು ಬರುವ ಹಾದಿಯೂ ಅದರ ಬಾಯಿಯೂ ಸೇರಿದಾಗಲೇ ಆ 30 ಎಕರೆಗೆ ಜೀವ.

ವಿಮಾನಗಳ ಮಾತು ಬಾರದೆ ಈ ಚರ್ಚೆ ಮುಗಿಯದು. 2024ರ ಮೇ 20ರ ರಾತ್ರಿ ದುಬೈನಿಂದ ಬರುತ್ತಿದ್ದ ವಿಮಾನಕ್ಕೆ ಘಾಟ್ಕೋಪರದ ಮೇಲೆ ಫ್ಲೆಮಿಂಗೊಗಳ ಹಿಂಡು ಬಡಿದು ಮೂವತ್ತಕ್ಕೂ ಹೆಚ್ಚು ಹಕ್ಕಿಗಳು ಸತ್ತವು. 2025ರ ಅಕ್ಟೋಬರ್‌ನಲ್ಲಿ ಉದ್ಘಾಟನೆಯಾಗಿ ಡಿಸೆಂಬರ್ 25ರಿಂದ ಹಾರಾಟ ಆರಂಭಿಸಿದ ನವಿ ಮುಂಬಯಿ ವಿಮಾನ ನಿಲ್ದಾಣ ಈ ಜೌಗುಗಳಿಗೆ ದೂರವಿಲ್ಲ. ಹಕ್ಕಿಗಳಿಂದ ಅಪಾಯ, ಆದ್ದರಿಂದ ಜೌಗು ಬೇಡ ಎಂಬ ವಾದ ಕೇಳಿಬರುತ್ತದೆ. ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿಯ ವಿಜ್ಞಾನಿಗಳು ಇದಕ್ಕೆ ವಿರುದ್ಧವಾದ ಸಲಹೆಯನ್ನೇ ಕೊಟ್ಟಿದ್ದಾರೆ. ನೆರೂಳದ ಮತ್ತು ಉರಣ ಕಡೆಯ ಉಬ್ಬರದ ತಂಗುದಾಣಗಳನ್ನು ಕೆಡಿಸಿದರೆ ಹಕ್ಕಿಗಳು ಬೇರೆ ತೆರೆದ ಜಾಗ ಹುಡುಕಿ ನಿಲ್ದಾಣದ ಕಡೆಗೇ ತಿರುಗುವ ಸಂಭವವಿದೆ ಎಂದು. ನಾವು ಕಂಡ ದಿನದ ಕ್ರಮ ಈ ಸಲಹೆಯನ್ನು ಬೆಂಬಲಿಸುತ್ತದೆ. ಕೆಸರು ಮುಳುಗಿದ ಹೊತ್ತಿನಲ್ಲಿ ಹಕ್ಕಿ ಎಲ್ಲಿಗಾದರೂ ಹೋಗಲೇಬೇಕು; ಹೋಗುವ ಜಾಗ ಗೊತ್ತಿದ್ದರೆ ಅದರ ದಾರಿಯೂ ಹೊತ್ತೂ ಮುಂಚಿತವಾಗಿ ಹೇಳಬಹುದಾದದ್ದು.

ರಾತ್ರಿಯ ಬಗ್ಗೆ ಒಂದು ಮಾತು ಸೇರಿಸಬೇಕು, ಇದು ಯಾರೂ ಎಣಿಸದ ಹೊತ್ತು. ಮುಂಬಯಿಯಲ್ಲಿ ಮಳೆಗಾಲದ ದೊಡ್ಡ ಉಬ್ಬರಗಳು ಹಗಲಿನವು, ಚಳಿಗಾಲದ ದೊಡ್ಡ ಉಬ್ಬರಗಳು ರಾತ್ರಿಯವು. 2025ರ ಡಿಸೆಂಬರ್ ಮೊದಲ ವಾರದಲ್ಲಿ ನಡುರಾತ್ರಿಯ ಉಬ್ಬರ 5 ಮೀಟರ್ ಮುಟ್ಟಿದಾಗ ಅದೇ ದಿನಗಳ ಹಗಲಿನ ಉಬ್ಬರ 4 ಮೀಟರಿನ ಆಸುಪಾಸಿನಲ್ಲಿತ್ತು. ಮಧ್ಯಾಹ್ನ ನಾವು ಕಂಡ ದಟ್ಟಣೆ ಹಗಲಿನ ಚಿಕ್ಕ ಉಬ್ಬರದ್ದು. ಖಾಡಿಯ ಕೊನೆಯ ಕೆಸರಂಚೂ ಮುಳುಗುವ ನಡುರಾತ್ರಿಯಲ್ಲಿ ಈ ಜೌಗುಗಳ ಅಗತ್ಯ ಇನ್ನೂ ಹೆಚ್ಚಿರಬೇಕು. ಆ ಹೊತ್ತಿನಲ್ಲಿ ಸುತ್ತಲಿನ ಪ್ರಖರ ದೀಪಗಳು, ನಾಯಿಗಳು, ಪಟಾಕಿ ಯಾವ ಪರಿಣಾಮ ಬೀರುತ್ತವೆ ಎಂಬುದನ್ನು ಥರ್ಮಲ್ ಕ್ಯಾಮೆರಾದಿಂದ ಅಳೆಯುವ ಅಧ್ಯಯನ ನೆರೂಳದಲ್ಲಿ ನಡೆಯಬೇಕು.

ಮೂರೂವರೆಯ ಹೊತ್ತಿಗೆ ಟಿ.ಎಸ್. ಚಾಣಕ್ಯದಲ್ಲಿ ಗೊರವಗಳು ಚಡಪಡಿಸತೊಡಗಿದ್ದವು. ಖಾಡಿ ಗಿಡಗಳ ಮರೆಯಲ್ಲಿದೆ, ಜೌಗಿನಿಂದ ಕಾಣುವುದಿಲ್ಲ. ಆದರೂ ಕೆಸರು ತೆರೆಯುವ ಹೊತ್ತನ್ನು ಅವು ತಿಳಿದಿದ್ದವು. ಐದರ ಹೊತ್ತಿಗೆ ದಿಬ್ಬ ಬರಿದಾಗಿ ಬಾತುಗಳಷ್ಟೇ ಉಳಿದವು.

ಈ ಟಿಪ್ಪಣಿಯ ವಾದವನ್ನು ಪರೀಕ್ಷಿಸುವುದು ಸುಲಭ. ಅಷ್ಟಮಿಯಂದು, ಅದೇ ಬದುವಿನಿಂದ, ಅದೇ ನಡುಮಧ್ಯಾಹ್ನ ಎಣಿಸಬೇಕು. ಆಗ ಖಾಡಿಯಲ್ಲಿ ಇಳಿತವಿರುತ್ತದೆ. ವಾದ ಸರಿಯಿದ್ದರೆ ಬಾತುಗಳೂ ಮೆಟ್ಟುಗಾಲು ಹಕ್ಕಿಗಳೂ ಪಾಡ್ಯದಷ್ಟೇ ಇರಬೇಕು. ಗೊರವ, ಪ್ಲೋವರ್, ಸ್ಟಿಂಟ್‌ಗಳು ಬಹುತೇಕ ಇರಬಾರದು. ಅಂದೂ ಅವು ಗುಂಪುಗಟ್ಟಿ ನಿಂತಿದ್ದರೆ, ಅವನ್ನು ನೆರೂಳಕ್ಕೆ ಕರೆತರುವುದು ಉಬ್ಬರವಲ್ಲ, ಬೇರೇನೋ ಇದೆ ಎಂದು ಒಪ್ಪಿ ಈ ವಾದವನ್ನು ಕೈಬಿಡಬೇಕಾಗುತ್ತದೆ. ಎಣಿಕೆಯ ಹಾಳೆಯಲ್ಲಿ ಹಕ್ಕಿಯ ಹೆಸರು, ಸಂಖ್ಯೆಗಳ ಪಕ್ಕದಲ್ಲಿ ತಿಥಿ, ಆ ಗಳಿಗೆಯ ಉಬ್ಬರದ ಮಟ್ಟ, ನೀರಿನ ಹಾದಿ ತೆರೆದಿದೆಯೇ ಮುಚ್ಚಿದೆಯೇ ಎಂಬ ಮೂರು ಅಂಕಣಗಳನ್ನು ಸೇರಿಸಿಕೊಂಡು ಹೋದರೆ ಸಾಕು.